ಮಗುವಿಗೆ ಗುಳ್ಳೆ ಎದ್ದಿದೆ, ಯಾರಿಗೆಲ್ಲ ಹೇಳಬೇಕು?

ಸೋಮವಾರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ತುಂಬ ಸಣ್ಣ ಧ್ವನಿ, ಹಿಂದಿನಿಂದ ನೀರು ಬೀಳುವ ಸದ್ದು. ಮನೆಯವರಿಗೆ ಕೇಳಬಾರದು ಅಂತ ಆಕೆ ಬಚ್ಚಲಿಗೆ ಹೋಗಿ, ನಳ್ಳಿ ಬಿಟ್ಟು ಮಾತಾಡುತ್ತಿದ್ದರು.

"ಅಕ್ಕಾ, ಮಗುವಿನ ಮೈಯಲ್ಲಿ ಗುಳ್ಳೆ ಎದ್ದಿದೆ. ಸೀತಾಳೆಯಾ ಅಂತ ಹೆದರಿಕೆ. ಅತ್ತೆ ಯಾರಿಗೂ ಹೇಳಬೇಡ ಅಂತಿದ್ದಾರೆ. ನಿನ್ನೆ ಮನೆ ತುಂಬ ಜನ ಇದ್ದರು. ನಾನು ಎಂತ ಮಾಡುವುದು?"

ಕಾಸರಗೋಡು ಜಿಲ್ಲೆಯ ಒಂದು ಅಡಿಕೆ ತೋಟದ ಮನೆ ಅದು. ಆ ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಅನ್ನುತ್ತೇನೆ, ಎರಡು ವರ್ಷ ಮೂರು ತಿಂಗಳು. ಪುಟ್ಟಿಯ ಅಪ್ಪ ದುಬೈಯಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿರುವುದು ಪುಟ್ಟಿಯ ತಾಯಿ, ಅತ್ತೆ, ಮಾವ, ಮತ್ತೆ ಸೀಮಂತ ಮುಗಿಸಿ ತವರಿಗೆ ಬಂದಿದ್ದ ನಾದಿನಿ, ಏಳು ತಿಂಗಳ ಬಸುರಿ. ಆ ಕೊನೆಯ ಮಾತು ಕೇಳಿದ ಕೂಡಲೇ ನಾನು ಎದ್ದು ಕೂತೆ.

ನಾನು ಡಾಕ್ಟರಲ್ಲ, ಆಪ್ತಸಲಹೆಗಾರ್ತಿ. ಇದು ಯಾವ ಕಾಯಿಲೆ ಅಂತ ಹೇಳುವುದು ನನ್ನ ಕೆಲಸ ಅಲ್ಲ ಅಂತ ಮೊದಲೇ ಹೇಳಿದೆ. ಆದರೆ ಕೇಳಬೇಕಾದ್ದನ್ನು ಕೇಳಿದೆ. ಗುಳ್ಳೆ ಮೊದಲು ಕಂಡದ್ದು ಎಲ್ಲಿ? ಹೊಟ್ಟೆಯಲ್ಲಿ, ಆಮೇಲೆ ಬೆನ್ನಲ್ಲಿ. ಅಂಗೈ, ಅಂಗಾಲು, ಬಾಯಿಯೊಳಗೆ? ಇಲ್ಲ. ಜ್ವರ? ನಿನ್ನೆಯಿಂದ ಸ್ವಲ್ಪ ಬಿಸಿ. "ತಲೆಗೆ ಎಣ್ಣೆ ಹಚ್ಚುವಾಗ ಕೂದಲಿನೊಳಗೂ ಒಂದು ಕೈಗೆ ಸಿಕ್ಕಿತು ಅಕ್ಕಾ" ಅಂದರು.

ಯಾಕೆ ಹೀಗೆ ಕೇಳಿದೆ ಅಂದರೆ, ಈ ಪ್ರಾಯದ ಮಕ್ಕಳ ಮೈಯಲ್ಲಿ ಏಳುವುದೆಲ್ಲ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್, ಆಗಿರುವುದಿಲ್ಲ. ಸೊಳ್ಳೆ, ಇರುವೆ ಕಚ್ಚಿದರೂ ಕೆಲವು ಮಕ್ಕಳಿಗೆ ಗುಳ್ಳೆ ಬರುತ್ತದೆ. ಕೈ, ಕಾಲು, ಬಾಯಿ ಹುಣ್ಣಿನ ರೋಗ ಬೇರೆ ಇದೆ. 2022ರಲ್ಲಿ ಕೊಲ್ಲಂ ಕಡೆ ಮಕ್ಕಳಿಗೆ ಬಂದ ಟೊಮೆಟೊ ಜ್ವರದ ಸುದ್ದಿ ನಮ್ಮ ಕಡೆಯ ತಾಯಂದಿರಿಗೆ ನೆನಪಿರಬಹುದು. ಸೀತಾಳೆ ಸಾಮಾನ್ಯವಾಗಿ ಎದೆ, ಹೊಟ್ಟೆ, ಬೆನ್ನು, ಮುಖದಲ್ಲಿ ಶುರುವಾಗುತ್ತದೆ, ನೆತ್ತಿಗೂ ಹೋಗುತ್ತದೆ. ಒಂದೆರಡು ದಿನದಲ್ಲಿ ಒಂದೇ ಜಾಗದಲ್ಲಿ ಕೆಂಪು ಚುಕ್ಕೆ, ನೀರು ತುಂಬಿದ ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಟ್ಟಿಗೆ ಕಾಣುತ್ತವೆ. ಕೊನೆಯ ಮಾತು ಡಾಕ್ಟರದ್ದೇ.

ಆ ರಾತ್ರಿ ಆಕೆಗೆ ಹೇಳಿದ್ದು ಎರಡೇ. ಒಂದು, ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಹೋಗಬೇಡಿ, ಮೊದಲು ಫೋನ್ ಮಾಡಿ. ಅಲ್ಲಿ ಬೆಂಚಿನಲ್ಲಿ ಪಕ್ಕದಲ್ಲೇ ಒಬ್ಬಳು ಬಸುರಿಯೋ, ತಿಂಗಳ ಕೂಸೋ ಇರಬಹುದು. ಈ ರೋಗ ಒಂದೇ ಕೋಣೆಯ ಗಾಳಿಯಲ್ಲೂ ಹರಡುತ್ತದೆ. ಎರಡು, ಈಗಲೇ ಒಂದು ಕಾಗದ ತೆಗೆದುಕೊಂಡು, ಶನಿವಾರದಿಂದ ಈ ತನಕ ಪುಟ್ಟಿಯ ಹತ್ತಿರ ಇದ್ದವರ ಹೆಸರು ಬರೆಯಿರಿ.

ಶನಿವಾರ ಯಾಕೆ ಅಂತ ಆಕೆ ಕೇಳಿದರು. ಗುಳ್ಳೆ ಕಾಣುವ ಒಂದೆರಡು ದಿನ ಮೊದಲಿನಿಂದಲೇ ಇದು ಹರಡಲು ಶುರುವಾಗುತ್ತದೆ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವ ತನಕ ಹರಡುತ್ತಲೇ ಇರುತ್ತದೆ. ಹೆಚ್ಚಾಗಿ ಐದರಿಂದ ಏಳು ದಿನ. ಅಂದರೆ ಭಾನುವಾರ ಅಂಗಳದಲ್ಲಿ ಪುಟ್ಟಿ ಆಡುತ್ತಿದ್ದಾಗ ಯಾರಿಗೂ ಏನೂ ಗೊತ್ತಾಗುವ ಹಾಗಿರಲಿಲ್ಲ. ಇದನ್ನು ಹೇಳಿದಾಗ ಆಕೆ ಅತ್ತುಬಿಟ್ಟರು. "ಹಾಗಾದರೆ ನಾನು ಗಮನಿಸದೇ ಇದ್ದದ್ದಲ್ಲವಾ?" ಅಲ್ಲ. ಯಾರು ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಬೇರೆ ರೋಗಿಗಳೆಲ್ಲ ಹೋದ ಮೇಲೆ ಬರಲು ಡಾಕ್ಟರು ಹೇಳಿ, ಹಿಂದಿನ ಬಾಗಿಲಿನಿಂದ ಒಳಗೆ ಕರೆದು ನೋಡಿದರು. ಸೀತಾಳೆಯೇ.

ಇನ್ನು ಅತ್ತೆಯ ವಿಷಯ. ಮುಂದಿನ ಭಾನುವಾರ ಅವರ ಅಣ್ಣನ ಮೊಮ್ಮಗನ ಉಪನಯನ. ವಿಷಯ ಹೊರಗೆ ಬಿದ್ದರೆ ಯಾರೂ ಸೇರಿಸುವುದಿಲ್ಲ, ಹೇಗಾದರೂ ಉಪನಯನ ಕಳೆಯಲಿ ಅಂತ ಅವರ ಲೆಕ್ಕ. ಅವರನ್ನು ಕೆಟ್ಟವರು ಅನ್ನಲು ನನಗೆ ಮನಸ್ಸಿಲ್ಲ. ಅವರು ಸಣ್ಣವರಿದ್ದಾಗ ಸಿಡುಬು ಅಂದರೆ ಸಾವು. ದೊಡ್ಡ ಸಿಡುಬು ಭೂಮಿಯಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1980ರಲ್ಲಿ. ಸೀತಾಳೆ ಸಂಪೂರ್ಣ ಬೇರೆ ರೋಗ, ಬೇರೆ ವೈರಸ್. ಆದರೆ ಹೆಸರಿನಲ್ಲಿ ಸಿಡುಬು ಉಳಿದುಬಿಟ್ಟಿದೆ, ಅದರ ಜೊತೆ ಹೆದರಿಕೆಯೂ ಉಳಿದಿದೆ.

ಬುಧವಾರ ನಾನೇ ಮನೆಗೆ ಹೋದೆ. ನನಗೆ ಆರನೇ ಕ್ಲಾಸಿನಲ್ಲಿ ಸೀತಾಳೆ ಬಂದು ಹೋಗಿದೆ. ಒಮ್ಮೆ ಬಂದವರಿಗೆ ಮತ್ತೆ ಬರುವುದು ತೀರಾ ಅಪರೂಪ. ಅಂಗಳ ತುಂಬ ಅಡಿಕೆ ಹರಡಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಇರಲಿಲ್ಲ. ಕಟ್ಟಿದರೆ ಊರಿಗೇ ಗೊತ್ತಾಗುತ್ತದಲ್ಲ.

ಅತ್ತೆಯ ಹತ್ತಿರ ವೈರಸ್ ಬಗ್ಗೆ ಮಾತಾಡಲಿಲ್ಲ. "ಅಮ್ಮ ಬಂದ ಮನೆಯಲ್ಲಿ ನಿಮ್ಮ ಅತ್ತೆ ಎಂತೆಲ್ಲ ಮಾಡುತ್ತಿದ್ದರು?" ಅಂತ ಕೇಳಿದೆ. ಅವರು ನೆನಪು ಮಾಡಿಕೊಂಡು ಹೇಳುತ್ತಾ ಹೋದರು. ಒಗ್ಗರಣೆ ಹಾಕಬಾರದು. ಬೇವಿನ ಸೊಪ್ಪು ಕಟ್ಟಬೇಕು. ಹೊರಗಿನವರು ಒಳಗೆ ಬರಬಾರದು, ಮನೆಯವರು ಬೇರೆಯವರ ಮನೆಗೆ ಹೋಗಬಾರದು. ಅಷ್ಟು ಹೇಳಿ ತಾವೇ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ, "ಹೌದು, ಮೊದಲು ಹೇಳಿಯೇ ಹೇಳುತ್ತಿದ್ದರು, ಅಡಗಿಸುತ್ತಿರಲಿಲ್ಲ" ಅಂದರು. ಹಿರಿಯರ ಕಟ್ಟಳೆಯಲ್ಲಿ ಒಳ್ಳೆಯದೇನೋ ಇದ್ದಾಗ ಅದನ್ನೇ ಹಿಡಿದು ಮಾತಾಡುವುದು ನನಗೆ ಯಾವಾಗಲೂ ಸರಿ ಅನ್ನಿಸಿದೆ.

ಆದರೆ ಅವರ ಇನ್ನೊಂದು ಯೋಚನೆಯನ್ನು ಗಟ್ಟಿಯಾಗಿಯೇ ತಡೆದೆ. ಮಗಳನ್ನು ಕೂಡಲೇ ಗಂಡನ ಮನೆಗೆ ಕಳುಹಿಸಿಬಿಡೋಣ ಅಂತ ಹೊರಟಿದ್ದರು. ಅಲ್ಲಿ ಆಕೆಯ ವಾರಗಿತ್ತಿಗೆ ನಲವತ್ತು ದಿನದ ಕೂಸು. ನಾದಿನಿ ಮೂರು ದಿನ ಪುಟ್ಟಿಯ ಜೊತೆ ಒಂದೇ ಮನೆಯಲ್ಲಿದ್ದವರು. ಅವರಿಗೆ ಹಿಂದೆ ಸೀತಾಳೆ ಬಂದಿರದಿದ್ದರೆ, ಸೋಂಕಿನ ಸಂಪರ್ಕವಾದ ಎಂಟನೇ ದಿನದಿಂದ ಇಪ್ಪತ್ತೊಂದನೇ ದಿನದ ತನಕ ಅವರಿಂದ ಬೇರೆಯವರಿಗೆ ಹರಡಬಹುದು. ಕಳುಹಿಸಿದರೆ ರೋಗವೂ ಜೊತೆಗೇ ಹೋಗಬಹುದು, ಅದೂ ಬಾಣಂತಿ, ಕೂಸು ಇರುವ ಮನೆಗೆ.

ಬಸುರಿಯರ ವಿಷಯದಲ್ಲಿ ತಡ ಮಾಡಬಾರದು. ಅವರಿಗೆ ಇದು ಬಂದರೆ ನ್ಯುಮೋನಿಯಾ ಆಗುವ ಅಪಾಯ ಇದೆ. ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನ ಆಮೇಲಿನ ತನಕ ತಾಯಿಗೆ ಗುಳ್ಳೆ ಎದ್ದರೆ ಹುಟ್ಟಿದ ಕೂಸಿಗೆ ತುಂಬಾ ಜೋರಾಗಬಹುದು. ಹಾಗಂತ ಗಾಬರಿ ಬೇಡ. ಹಿಂದೆ ಬಂದು ಹೋಗಿದ್ದರೆ ಸಾಮಾನ್ಯವಾಗಿ ಹೆದರಬೇಕಾಗಿಲ್ಲ. ನೆನಪಿಲ್ಲದಿದ್ದರೆ ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯ, ಅಂದರೆ ಈ ವೈರಸ್ಸನ್ನು ತಡೆಯುವ ಅಂಶ, ಇದೆಯಾ ಅಂತ ಗೊತ್ತಾಗುತ್ತದೆ. ಇಲ್ಲ ಅಂತಾದರೆ ಇಮ್ಯುನೋಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಬಗ್ಗೆ ಡಾಕ್ಟರು ತೀರ್ಮಾನಿಸುತ್ತಾರೆ. ಅದನ್ನು ಸಂಪರ್ಕವಾಗಿ ಹತ್ತು ದಿನದೊಳಗೆ, ಆದಷ್ಟು ಬೇಗ ಕೊಡಬೇಕು. ನಾದಿನಿಗೆ ಹೆರಿಗೆ ಡಾಕ್ಟರಿಗೆ ಫೋನ್ ಮಾಡಲು ಹೇಳಿದೆ. ರಕ್ತ ಪರೀಕ್ಷೆ ಆಯಿತು. ಪ್ರತಿಕಾಯ ಇತ್ತು. ಅತ್ತೆಗೆ ಆಮೇಲೆ ನೆನಪಾಯಿತು, ಅಂಗನವಾಡಿಗೆ ಹೋಗುತ್ತಿದ್ದಾಗ ಮಗಳಿಗೆ ಮೈಯಲ್ಲಿ ಎದ್ದಿತ್ತಂತೆ.

ಪಟ್ಟಿಯಲ್ಲಿ ಹನ್ನೊಂದು ಹೆಸರಿತ್ತು. ನೆರೆಕರೆಯ ಐದು ಮಕ್ಕಳು. ಅಡಿಕೆ ಸುಲಿಯಲು ಬರುವ ಒಬ್ಬ ಹೆಂಗಸು. ಆಕೆ ಗಂಟುನೋವಿಗೆ ಸ್ಟೆರಾಯ್ಡ್ ಮಾತ್ರೆ ತಿನ್ನುತ್ತಾರೆ ಅಂತ ಮಾತಿನ ನಡುವೆ ಗೊತ್ತಾಯಿತು. ಅಂಥ ಮಾತ್ರೆಯಿಂದ ಮೈಯ ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಹಾಗಾಗಿ ಅವರ ಹೆಸರಿಗೆ ಗೆರೆ ಎಳೆದು, ಮೊದಲು ಅವರಿಗೇ ಹೇಳಿ ಅಂದೆ.

ಹೇಗೆ ಹೇಳುವುದು ಅನ್ನುವುದೇ ಪುಟ್ಟಿಯ ತಾಯಿಗೆ ದೊಡ್ಡ ಕಷ್ಟವಾಗಿತ್ತು. ಬರೆದ ಮೆಸೇಜಿನಲ್ಲಿ ಮೂರು ಸಲ ಕ್ಷಮಿಸಿ ಅಂತ ಇತ್ತು. ಅದನ್ನು ತೆಗೆಸಿದೆ. ತಪ್ಪೇ ಮಾಡದೆ ಕ್ಷಮೆ ಕೇಳಿದರೆ ಓದಿದವರಿಗೂ ಏನೋ ತಪ್ಪಾಗಿದೆ ಅನ್ನಿಸುತ್ತದೆ. ಕೊನೆಗೆ ಹೀಗೆ ಬರೆದರು: "ಪುಟ್ಟಿಗೆ ಸೀತಾಳೆ ಅಂತ ಡಾಕ್ಟರು ಹೇಳಿದ್ದಾರೆ. ಭಾನುವಾರ ನಿಮ್ಮ ಮಗು ಅವಳ ಜೊತೆ ಆಡಿತ್ತು. ಹಿಂದೆ ಸೀತಾಳೆ ಬಂದಿರದಿದ್ದರೆ, ಲಸಿಕೆಯೂ ಆಗಿರದಿದ್ದರೆ ಇವತ್ತೇ ಡಾಕ್ಟರ ಹತ್ತಿರ ಮಾತಾಡಿ. ಇನ್ನು ಮೂರು ವಾರ ಗುಳ್ಳೆ ಏಳುತ್ತದಾ ಅಂತ ನೋಡುತ್ತಿರಿ." ಮೂರು ವಾರ ಯಾಕೆಂದರೆ ಸೋಂಕು ತಗಲಿ ಗುಳ್ಳೆ ಏಳಲು ಹತ್ತರಿಂದ ಇಪ್ಪತ್ತೊಂದು ದಿನ ಬೇಕು.

"ಇವತ್ತೇ" ಅನ್ನುವ ಮಾತನ್ನು ಬೇಕೆಂದೇ ಹಾಕಿಸಿದೆ. ಸಂಪರ್ಕವಾಗಿ ಮೂರು ದಿನದೊಳಗೆ, ಹೆಚ್ಚೆಂದರೆ ಐದು ದಿನದೊಳಗೆ ಲಸಿಕೆ ಹಾಕಿಸಿದರೆ ಕೆಲವು ಮಕ್ಕಳಿಗೆ ರೋಗ ಬಾರದೆ ಇರಬಹುದು, ಬಂದರೂ ಹಗುರವಾಗಿರಬಹುದು. ಬಸುರಿಯರಿಗೆ ಮಾತ್ರ ಈ ಲಸಿಕೆ ಹಾಕುವ ಹಾಗಿಲ್ಲ. ಉಪನಯನ ಕಳೆಯಲಿ ಅಂತ ಕಾದಿದ್ದರೆ ಆ ಐದು ದಿನ ಸುಮ್ಮನೆ ಹೋಗುತ್ತಿತ್ತು. ಐದು ಮಕ್ಕಳಲ್ಲಿ ಇಬ್ಬರಿಗೆ ಗುರುವಾರ ಲಸಿಕೆ ಹಾಕಿಸಿದರು.

ಪುಟ್ಟಿಗೆ ಯಾಕೆ ಮೊದಲೇ ಹಾಕಿಸಿರಲಿಲ್ಲ? ಅವಳ ಕಾರ್ಡಿನಲ್ಲಿ ಎಲ್ಲ ಕಡೆ ಟಿಕ್ ಇತ್ತು. ತಾಯಿ ಎಲ್ಲ ಆಯಿತು ಅಂದುಕೊಂಡಿದ್ದರು. ಸೀತಾಳೆ ಲಸಿಕೆ ಸರಕಾರದ ಉಚಿತ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಹದಿನೈದು ತಿಂಗಳ ಹೊತ್ತಿಗೆ ಒಂದು, ಆಮೇಲೆ ಇನ್ನೊಂದು, ಒಟ್ಟು ಎರಡು ಡೋಸ್. ಗೋಡೆಗೆ ಅಂಟಿಸಿದ್ದ ಆರೋಗ್ಯದ ಕರಪತ್ರ ಮಲಯಾಳದಲ್ಲಿತ್ತು. ಈಕೆಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮಲ್ಲಿ ಹೀಗೆ ಎಷ್ಟು ಮನೆಗಳಿವೆ ಅಂತ ನಿಮಗೂ ಗೊತ್ತು. ಇದನ್ನು ಕನ್ನಡದಲ್ಲಿ ಬರೆಯಲು ಅದೂ ಒಂದು ಕಾರಣ.

ಅವತ್ತು ಹೊರಡುವಾಗ ಜಗಲಿಯಲ್ಲಿ ಅಜ್ಜ ಕೂತಿದ್ದರು. ಪಕ್ಕದ ಬೈರಾಸಿನಲ್ಲಿ ಕೆಮ್ಮಣ್ಣಿನ ಕಲೆ. ಸೊಂಟಕ್ಕೆ ಹಚ್ಚಿದ್ದರ ಗುರುತು ಇನ್ನೂ ಇತ್ತು. ಹದಿನೆಂಟು ದಿನದ ಹಿಂದೆ ಅವರಿಗೆ ಸರ್ಪಸುತ್ತು ಎದ್ದಿತ್ತು. ಭಾನುವಾರ ಜನ ಸೇರಿದ್ದೂ ಅದಕ್ಕೇ, ನಾಗನಿಗೆ ತಂಬಿಲ ಇಟ್ಟಿದ್ದರು. ಮಗುವಿಗೆ ಮರುದಿನವೇ ಗುಳ್ಳೆ ಎದ್ದದ್ದು ಸೊಸೆಯಿಂದ ಏನೋ ಮೈಲಿಗೆಯಾಗಿ ಅಂತ ಅತ್ತೆ ಅಂದಿದ್ದರಂತೆ. ಇದನ್ನು ಆಕೆ ನನಗೆ ಹೇಳಿದ್ದು ಆಗ, ಅಷ್ಟು ಹೊತ್ತಿನ ಮೇಲೆ.

ಹೇಳಬೇಕೋ ಬೇಡವೋ ಅಂತ ನಾನು ತುಂಬ ಯೋಚಿಸಿದೆ. ಸರ್ಪಸುತ್ತು ಮತ್ತು ಸೀತಾಳೆ ಎರಡಕ್ಕೂ ಕಾರಣ ಒಂದೇ ವೈರಸ್. ಸಣ್ಣವರಿದ್ದಾಗ ಸೀತಾಳೆ ಬಂದವರ ನರದ ಬುಡದಲ್ಲಿ ಅದು ಸುಮ್ಮನೆ ಮಲಗಿರುತ್ತದೆ, ವಯಸ್ಸಾದ ಮೇಲೆ ಕೆಲವರಲ್ಲಿ ಏಳುತ್ತದೆ. ಆ ಗುಳ್ಳೆಯ ನೀರು ತಾಗಿದರೆ ಸೀತಾಳೆ ಬಾರದ ಮಕ್ಕಳಿಗೆ ಸೀತಾಳೆ ಬರಬಹುದು. ಪುಟ್ಟಿ ದಿನಾ ಸಂಜೆ ಅಜ್ಜನ ಮಡಿಲಲ್ಲೇ.

ಹೇಳದೆ ಇದ್ದರೆ ಸೊಸೆಯ ಮೇಲಿನ ಮಾತು ಹಾಗೇ ಉಳಿಯುತ್ತದೆ. ಹೇಳಿದರೆ ಅಜ್ಜನ ಮೇಲೆ ಬೀಳುತ್ತದೆ. ಕೊನೆಗೆ ಮೂವರನ್ನೂ ಕೂರಿಸಿ ಹೇಳಿದೆ. ಅಜ್ಜ ಬೈರಾಸು ಮಡಚುತ್ತಾ, "ಹಾಗಾದರೆ ನನ್ನಿಂದಲೇ ಬಂತಾ?" ಅಂದರು. ಇರಬಹುದು, ಇಲ್ಲದಿರಲೂಬಹುದು. ಬೇಸಿಗೆ ಶುರುವಾಗುವ ಈ ಸಮಯದಲ್ಲಿ ಊರಲ್ಲಿ ಬೇರೆ ಎಲ್ಲಿಂದಲೋ ಬಂದಿರಲೂ ಸಾಕು. ಎಲ್ಲಿಂದ ಬಂತು ಅಂತ ಈಗ ಯಾರಿಗೂ ಹೇಳಲು ಆಗುವುದಿಲ್ಲ. ಮೈಲಿಗೆಯಿಂದ ಬಂದದ್ದಲ್ಲ ಅನ್ನುವುದನ್ನು ಮಾತ್ರ ಖಂಡಿತ ಹೇಳಬಹುದು. ಇನ್ನು ಮುಂದೆ ಯಾರಿಗಾದರೂ ಸರ್ಪಸುತ್ತು ಎದ್ದರೆ ಒಣಗುವ ತನಕ ಬಟ್ಟೆಯಲ್ಲಿ ಮುಚ್ಚಿಡಿ, ಮಕ್ಕಳಿಗೆ ತಾಗಿಸಬೇಡಿ, ಡಾಕ್ಟರಿಗೂ ಬೇಗ ತೋರಿಸಿ ಅಂದೆ. ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಆದರೆ ಒಳಗೆ ಹೋಗಿ ಪುಟ್ಟಿಗೆ ಅಂತ ಎಳನೀರಿನ ಬೊಂಡ ಕೆತ್ತಿಸಿ ತಂದದ್ದು ಸೊಸೆಯ ಕೈಗೇ ಕೊಟ್ಟರು.

ಮನೆಯ ಆರೈಕೆಯ ಬಗ್ಗೆ ಡಾಕ್ಟರು ಹೇಳಿದ್ದನ್ನೇ ಮತ್ತೆ ಹೇಳಿದೆ. ಜ್ವರಕ್ಕೆ ತೂಕ ನೋಡಿ ಪ್ಯಾರಸಿಟಮಾಲ್. ಆಸ್ಪಿರಿನ್ ಕೊಡಲೇಬಾರದು, ಐಬುಪ್ರೊಫೆನ್ ಕೂಡ ಬೇಡ. ಉಗುರು ಕತ್ತರಿಸಿ, ತುರಿಕೆಗೆ ಕ್ಯಾಲಮೈನ್ ಹಚ್ಚಿ. ಸ್ನಾನ ಬೇಡ ಅಂತ ವಾರಗಟ್ಟಲೆ ಬಿಡಬೇಡಿ, ಉಗುರುಬೆಚ್ಚಗಿನ ನೀರು ಹಾಕಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಜ್ವರ ನಾಲ್ಕು ದಿನಕ್ಕಿಂತ ಜಾಸ್ತಿ ಉಳಿದರೆ, ಮಗು ಮಂಕಾದರೆ, ಉಸಿರಾಟ ಕಷ್ಟವಾದರೆ, ಮತ್ತೆ ಮತ್ತೆ ವಾಂತಿಯಾದರೆ, ಗುಳ್ಳೆಯ ಸುತ್ತ ಕೆಂಪಾಗಿ ಬಿಸಿಯಾದರೆ ಕಾಯದೆ ಆಸ್ಪತ್ರೆಗೆ. ರಾತ್ರಿ ಸಂಶಯ ಬಂದರೆ ಕೇರಳದ ದಿಶಾ ಸಹಾಯವಾಣಿ 1056 ಇದೆ.

ಪುಟ್ಟಿ ಉಪನಯನಕ್ಕೆ ಹೋಗಲಿಲ್ಲ. ಎಂಟನೇ ದಿನ ಎಲ್ಲ ಗುಳ್ಳೆ ಒಣಗಿತ್ತು. ಅಡಿಕೆ ಸುಲಿಯುವ ಹೆಂಗಸಿಗೆ ಏನೂ ಆಗಲಿಲ್ಲ. ಲಸಿಕೆ ಹಾಕಿಸದ ಮೂವರಲ್ಲಿ ಒಬ್ಬ ಹುಡುಗನಿಗೆ ಹದಿನೈದನೇ ದಿನ ಎದ್ದಿತು. ಅವನ ತಾಯಿ ಜಗಳಕ್ಕೆ ಬರುತ್ತಾರೋ ಅಂತ ಪುಟ್ಟಿಯ ತಾಯಿಗೆ ಹೆದರಿಕೆ. ಫೋನ್ ಬಂದದ್ದು ನಿಜ. ಆದರೆ ಆಕೆ ಕೇಳಿದ್ದು ಇಷ್ಟೇ: "ಡಾಕ್ಟರು ಪುಟ್ಟಿಯನ್ನು ಹಿಂದಿನ ಬಾಗಿಲಿನಿಂದ ಕರೆದರು ಅಂದಿರಲ್ಲ, ನಾವೂ ಮೊದಲು ಫೋನ್ ಮಾಡಿಯೇ ಹೋಗುವುದಾ? ನಂಬರ್ ಕೊಡಿ."