ಆ ಅಗ್ಗದ ಚೀಲ ಬಿಚ್ಚಬೇಡ

ತಮ್ಮ,

ನಿನ್ನ ಪತ್ರ ಎರಡು ಸಲ ಓದಿದೆ. ಕುದುರೆಯ ಸಾಮಾನಿಗೇ ಸಂಬಳದ ಅರ್ಧ ಹೋಗುತ್ತಿದೆ, ಮನೆಯಲ್ಲಿರುವುದರಲ್ಲೇ ಏನೇನು ಸುಧಾರಿಸಬಹುದು ಅಕ್ಕಾ ಅಂತ ಕೇಳಿದ್ದೀಯ. ಚಳಿ ಹೇಗೆ ತಡೆಯೋದು, ಒಂಟಿ ಅನ್ನಿಸುತ್ತಾ, ವಾಪಸ್ಸು ಹೋಗೋಣ ಅಂತ ಯಾವತ್ತಾದರೂ ಅನ್ನಿಸಿತ್ತಾ ಅಂತಲೂ ಕೇಳಿದ್ದೀಯ. ಎಲ್ಲ ಆದಮೇಲೆ ಕೊನೆಗೊಂದು ಸಾಲು: ಪಕ್ಕದ ದನದ ಫಾರ್ಮಿನವರು ಉಳಿದ ದನದ ಆಹಾರವನ್ನು ಅರ್ಧ ಬೆಲೆಗೆ ಕೊಟ್ಟಿದ್ದಾರೆ, ನಾಳೆಯಿಂದ ಕುದುರೆಗೆ ಅದನ್ನೇ ಹಾಕುತ್ತೇನೆ ಅಂತ.

ಮೊದಲು ಅದಕ್ಕೆ ಉತ್ತರ. ಆ ಚೀಲ ಬಿಚ್ಚಬೇಡ. ಲಾಯದಿಂದ ಹೊರಗೆ, ಕುದುರೆಯ ಬಾಯಿಗೆ ಎಟುಕದ ಕಡೆ ಇಡು. ದನಕ್ಕೆ, ಕೋಳಿಗೆ ತಯಾರಿಸುವ ಎಷ್ಟೋ ಆಹಾರಗಳಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ದನ ಅದನ್ನು ತಿಂದು ಮೈ ತುಂಬಿಕೊಳ್ಳುತ್ತದೆ. ಕುದುರೆಗೆ ಅದು ವಿಷ. ಮೈತೂಕದ ಒಂದೊಂದು ಕಿಲೋಗೆ 2–3 ಮಿಲಿಗ್ರಾಂ ಹೊಟ್ಟೆಗೆ ಹೋದರೆ ಸಾಕು, ಪ್ರಾಣಕ್ಕೇ ಬರುತ್ತದೆ. ಹೃದಯದ ಸ್ನಾಯುವೇ ಹಾಳಾಗುತ್ತದೆ, ಅದಕ್ಕೆ ಪ್ರತಿಮದ್ದು ಇಲ್ಲ. ಚೀಲದ ಮೇಲಿನ ಚೀಟಿಯಲ್ಲಿ ಆ ಹೆಸರು ಇಲ್ಲದಿದ್ದರೂ ಬೇಡ. ಬೆರೆಸುವ ಯಂತ್ರದಲ್ಲಿ ಹಿಂದಿನ ಸಲದ ಉಳಿಕೆ ಸೇರಿರಬಹುದು. ನಮ್ಮ ಮನೆಗಳಲ್ಲಿ ದನಕ್ಕೆ ಕಲೆಸಿದ್ದರಲ್ಲೇ ಎರಡು ಹಿಡಿ ಕುದುರೆಗೂ ಹಾಕಿ ಬೆಳೆದವರು ನಾವು. ನಿನಗೆ ತಪ್ಪು ಅಂತ ಹೊಳೆಯದೇ ಇದ್ದದ್ದು ಅದಕ್ಕೇ, ನನಗೆ ಗೊತ್ತು. ಆದರೆ ನಮ್ಮಲ್ಲಿ ಕಲೆಸುತ್ತಿದ್ದದ್ದು ನಮ್ಮ ಕೈ. ಆ ಚೀಲದೊಳಗೆ ಏನಿದೆಯೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಈಗ ಉಳಿತಾಯದ ಮಾತು.

ನಾನು ಇಲ್ಲಿಗೆ ಬಂದು 11 ವರ್ಷ ಆಯಿತು. ಬರುವಾಗ ಎರಡು ಸೂಟ್‌ಕೇಸು, ಅವನ್ನು ತೂಗಲು ಒಂದು ಕೊಕ್ಕೆ ತಕ್ಕಡಿ. ಹೊರಡುವ ಹಿಂದಿನ ರಾತ್ರಿ ಅಪ್ಪ ಆ ತಕ್ಕಡಿ ಎತ್ತಿ ಹಿಡಿದು, ಅಂಕಿ ನೋಡಿ, ಒಂದು ಸೀರೆ ತೆಗೆಸಿ, ಮತ್ತೆ ತೂಗಿ, ಹೀಗೇ ಬೆಳಗು ಮಾಡಿದ್ದರು. ಅದೇ ತಕ್ಕಡಿ ಈಗ ನನ್ನ ಲಾಯದ ತೊಲೆಗೆ ನೇತಾಡುತ್ತಿದೆ. ಹುಲ್ಲಿನ ಬಲೆಯನ್ನು ಕೊಕ್ಕೆಗೆ ಸಿಕ್ಕಿಸಿದರೆ ಎಷ್ಟು ಕಿಲೋ ಅಂತ ತೋರಿಸುತ್ತದೆ. ನಿನ್ನ ಹತ್ತಿರವೂ ಅಂಥದ್ದೊಂದು ಇದ್ದೇ ಇರುತ್ತದೆ, ವಿಮಾನ ಹತ್ತಿ ಬಂದವರ ಮನೆಯಲ್ಲಿ ಇಲ್ಲದೇ ಇರುವುದಿಲ್ಲ. ಹುಡುಕಿ ತೆಗೆ. ಕುದುರೆ ಸಾಕುವುದರಲ್ಲಿ ದುಡ್ಡು ಹೆಚ್ಚು ಪೋಲಾಗುವುದು ಅಳತೆ ಇಲ್ಲದೆ ಹಾಕುವುದರಲ್ಲಿ. ಕಣ್ಣಂದಾಜಿನಲ್ಲಿ ಹಾಕಿದ ಒಣಹುಲ್ಲು ಅರ್ಧ ಕಾಲಡಿ ಬಿದ್ದು ಲದ್ದಿಯ ಜೊತೆ ಆಚೆಗೆ ಹೋಗುತ್ತದೆ. ಸಣ್ಣ ಕಣ್ಣಿನ ಬಲೆಯಲ್ಲಿ ತೂಗಿ ಹಾಕಿದರೆ ನಿಧಾನವಾಗಿ ತಿನ್ನುತ್ತದೆ, ಹೊಟ್ಟೆಗೂ ಒಳ್ಳೆಯದು.

ಎಷ್ಟು ತೂಗಬೇಕು ಅಂದರೆ ಕುದುರೆಯ ತೂಕ ಗೊತ್ತಿರಬೇಕು. ಅದಕ್ಕೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ, ಭುಜದ ಉಬ್ಬಿನ ಮೇಲಿಂದ ಎದೆಯ ಸುತ್ತಳತೆ ತೆಗೆದುಕೊ. ಉಸಿರು ಬಿಟ್ಟಾಗ ಅಳೆಯಬೇಕು. ಆಮೇಲೆ ಭುಜದ ಮುಂದಿನ ಮೂಳೆಯಿಂದ ಪೃಷ್ಠದ ತುದಿಯವರೆಗೆ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸು. ಸುತ್ತಳತೆ 180, ಉದ್ದ 165 ಇದ್ದರೆ 450 ಕಿಲೋ ಬರುತ್ತದೆ. ಅಂಥ ಕುದುರೆಗೆ ದಿನಕ್ಕೆ ಸುಮಾರು 9 ಕಿಲೋ ಒಣಹುಲ್ಲು, ಅಂದರೆ ತೂಕದ ನೂರಕ್ಕೆ ಎರಡು ಪಾಲು. ಕೈ ಎಷ್ಟೇ ಬಿಗಿ ಇದ್ದರೂ ಒಂದೂವರೆ ಪಾಲಿಗಿಂತ ಇಳಿಸಬೇಡ. ಜಂತಿನ ಮದ್ದೂ ಇದೇ ತೂಕದ ಲೆಕ್ಕಕ್ಕೆ. ಕಡಿಮೆ ಹಾಕಿದರೆ ಹುಳ ಸಾಯುವುದಿಲ್ಲ, ಮದ್ದಿಗೇ ಒಗ್ಗಿಕೊಳ್ಳುತ್ತದೆ. ಮೊದಲು ಲದ್ದಿ ಪರೀಕ್ಷೆ ಮಾಡಿಸಿ ಮೊಟ್ಟೆ ಎಷ್ಟಿದೆ ಅಂತ ನೋಡಿಸಿದರೆ ಎಷ್ಟೋ ಸಲ ಮದ್ದೇ ಬೇಕಾಗುವುದಿಲ್ಲ.

ಕುದುರೆಯ ಚಿತ್ರ ಹಾಕಿ ಮಾರುವ ಡಬ್ಬಿಗಳಲ್ಲಿ ಅನೇಕವು ಅಡುಗೆಮನೆಯಲ್ಲೇ ಇವೆ. ನೀರಿನ ಬಕೆಟ್ಟಿನ ಲೋಳೆಗೆ ಅಡುಗೆ ಸೋಡಾ ಹಾಕಿ ಉಜ್ಜು, ಬಿಳಿ ಕಲೆ ಕೂತಿದ್ದರೆ ವಿನೆಗರ್. ವಿನೆಗರಿನ ಜೊತೆ ಬ್ಲೀಚು ಮಾತ್ರ ಎಂದೂ ಸೇರಿಸಬೇಡ, ಏಳುವ ಹೊಗೆ ನಿನಗೂ ಕುದುರೆಗೂ ಕೆಟ್ಟದ್ದು. ತಿಂಗಳಿಗೊಂದು ಬಣ್ಣದ ಉಪ್ಪಿನ ಇಟ್ಟಿಗೆ ಕೊಳ್ಳುವ ಬದಲು ಅಡುಗೆ ಉಪ್ಪು ದಿನಕ್ಕೆ 25–30 ಗ್ರಾಂ ಆಹಾರದಲ್ಲಿ ಬೆರೆಸು, ಕುಡಿಯುವ ನೀರು ಮುಂದೆ ಸದಾ ಇರಲಿ. ಕಡಿವಾಣದ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಶ್. ಜೀನಿಗೆ ಗ್ಲಿಸರಿನ್ ಸೋಪು, ಹಳೆಯ ಬನಿಯನ್ನಿನ ತುಂಡು. ಬೇಸಿಗೆಗೆ ಮುನ್ನ ಕೂದಲು ಉದುರುವಾಗ ಗರಗಸದ ಹಳೆಯ ಬ್ಲೇಡನ್ನು ಬಟ್ಟೆ ಸುತ್ತಿ ಹಿಡಿದು ಮಟ್ಟಸವಾಗಿ ಎಳೆದರೆ ಸತ್ತ ಕೂದಲು ಕಂತೆಗಟ್ಟಲೆ ಬರುತ್ತದೆ. ಮುಖ, ಕಾಲಿನ ಮೂಳೆ ಇರುವ ಕಡೆ ಬೇಡ, ಅಲ್ಲಿಗೆ ಪಾತ್ರೆ ತೊಳೆಯುವ ರಬ್ಬರ್ ಗವಸು. ಮೂತಿಯ ಗುಲಾಬಿ ಚರ್ಮ ಬಿಸಿಲಿಗೆ ಸುಡುತ್ತಿದ್ದರೆ ಮಕ್ಕಳಿಗೆ ಹಚ್ಚುವ ಜಿಂಕ್ ಆಕ್ಸೈಡ್ ಮುಲಾಮು.

ಗೊರಸಿನಲ್ಲಿ ಕೀವಾದಾಗ ಡಯಾಪರ್ ಬಳಸುವುದನ್ನು ನನಗೆ ಇಲ್ಲಿಯ ಲಾಳದವರೇ ತೋರಿಸಿಕೊಟ್ಟರು. ಕೀವು ಬಿಡಿಸುವುದು ಅವರ ಕೆಲಸ ಇಲ್ಲವೇ ಪಶುವೈದ್ಯರದ್ದು, ನೀನು ಚಾಕು ಹಿಡಿಯಬೇಡ. ಆಮೇಲಿನದು ನಿನ್ನದು. ಉಗುರುಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು (ಅಡುಗೆಯದಲ್ಲ, ಮೆಗ್ನೀಸಿಯಂ ಸಲ್ಫೇಟ್) ಹಾಕಿ ಗೊರಸು ನೆನೆಸು, ಒರೆಸು. ಡಯಾಪರಿನ ದಪ್ಪ ಭಾಗ ಗೊರಸಿನ ತಳಕ್ಕೆ ಬರುವಂತೆ ಇಟ್ಟು ಅಂಟುಪಟ್ಟಿ ಮುಂದಕ್ಕೆ ಎಳೆದು ಅಂಟಿಸು. ಮೊದಲೇ ಡಕ್ಟ್ ಟೇಪನ್ನು ಅಡ್ಡ ಉದ್ದ ಹೆಣೆದು ಚೌಕ ಮಾಡಿಟ್ಟುಕೊಂಡಿದ್ದರೆ ತಳಕ್ಕೆ ಒತ್ತಿ ಸುತ್ತಲೂ ಮಡಿಚಿದರಾಯಿತು. ಕುದುರೆ ಕಾಲು ಕಿತ್ತುಕೊಳ್ಳುವ ಮುಂಚೆ ಮುಗಿಯಬೇಕು, ಅದಕ್ಕೇ ಮೊದಲೇ ಹೆಣೆದಿಟ್ಟುಕೊ ಅಂದದ್ದು. ಗೊರಸೂ ಚರ್ಮವೂ ಸೇರುವ ಗೆರೆಯ ಮೇಲೆ ಟೇಪು ಬಿಗಿಯಬೇಡ. ದಿನಕ್ಕೊಮ್ಮೆ ಬಿಚ್ಚಿ ನೋಡು. ಚರ್ಮದ ಮೇಲೆ ಗಾಯವಾದರೆ ತೊಳೆಯಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದರೆ ಗಾಯ ಶುದ್ಧವಾಯಿತು ಅನ್ನಿಸುತ್ತದೆ, ಆದರೆ ಅದು ಕೂಡಿಕೊಳ್ಳುತ್ತಿರುವ ಮಾಂಸವನ್ನೂ ಸುಡುತ್ತದೆ. ಕಣ್ಣಿಗೆ ಮನೆಮದ್ದು ಯಾವುದೂ ಬೇಡ.

ಇಷ್ಟರಲ್ಲಿ ನಿನ್ನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಇನ್ನು ನಾನು ಯಾರಿಗೂ ಬರೆಯದೇ ಇದ್ದದ್ದನ್ನು ಬರೆಯುತ್ತೇನೆ.

ಬಂದ ಎರಡನೇ ವರ್ಷ ಒಬ್ಬರು ವಯಸ್ಸಾದ ಕುದುರೆಯೊಂದನ್ನು ನನಗೆ ಸುಮ್ಮನೆ ಕೊಟ್ಟರು. ಕಂದು ಮೈ, ಹಣೆಯ ಮೇಲೆ ಒಂದು ಬೊಟ್ಟು. ಇಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಅದರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದೆ, ದಿನವಿಡೀ ಬೇರೆ ಯಾರ ಜೊತೆಗೂ ಆಡಲು ಸಿಗದ ಮಾತು. "ಬಾರೋ" ಅಂದರೆ ಬೇಲಿಯ ಆ ತುದಿಯಿಂದ ಬರುತ್ತಿತ್ತು. ಆ ವರ್ಷ ಒಣಹುಲ್ಲು ತುಟ್ಟಿ. ಪಕ್ಕದ ಮನೆಯವರು ಹುಲ್ಲುಹಾಸು ಕತ್ತರಿಸಿ, ಚೀಲ ತುಂಬಿ, ಬೇಕಾದರೆ ಒಯ್ಯಿ ಅಂದರು. ಅಪ್ಪ ದಿನಾ ಬೆಳಗ್ಗೆ ಕುಡುಗೋಲು ಹಿಡಿದು ಹೋಗಿ ಹಸಿಹುಲ್ಲಿನ ಹೊರೆ ತಂದು ಗಾಡಿ ಕುದುರೆಗೆ ಹಾಕುವುದನ್ನು ನೋಡಿ ಬೆಳೆದವಳು ನಾನು. ಹಸಿಹುಲ್ಲು ಪುಕ್ಕಟೆ ಸಿಕ್ಕರೆ ಬೇಡ ಅನ್ನುವುದುಂಟೆ? ಎರಡು ಚೀಲ ತಂದೆ. ಸಂಜೆ ಒಂದರೊಳಗೆ ಕೈ ಹಾಕಿದರೆ ಬೆಚ್ಚಗಿತ್ತು. ಬಿಸಿಲಿಗಿಟ್ಟದ್ದಕ್ಕೆ ಇರಬೇಕು ಅಂದುಕೊಂಡು ಸುರಿದೆ. ಆ ಬಿಸಿ ಬಿಸಿಲಿನದಲ್ಲ, ಹುಲ್ಲು ಹುಳಿಯುತ್ತಿತ್ತು.

ಕುಡುಗೋಲಿನ ಹುಲ್ಲು ಉದ್ದ ಇರುತ್ತದೆ, ಕುದುರೆ ಅಗಿದು ಅಗಿದು ತಿನ್ನಬೇಕು. ಯಂತ್ರ ಕತ್ತರಿಸಿದ್ದು ಚೂರು ಚೂರು, ಒದ್ದೆ, ಒತ್ತಿ ತುಂಬಿದ್ದು. ಅಗಿಯದೆ ನುಂಗುತ್ತದೆ, ಒಳಗೆ ಹೋಗಿ ಹುದುಗಿ ಗಾಳಿ ತುಂಬುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಕೆಟ್ಟದ್ದು ಹೋದರೆ ಹಿಂದಕ್ಕೆ ಬರುವ ದಾರಿಯೇ ಇಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಪಕ್ಕೆ ತಿರುಗಿ ತಿರುಗಿ ನೋಡಿಕೊಳ್ಳತೊಡಗಿತು. ಮುಂಗಾಲಿನಿಂದ ನೆಲ ಕೆರೆಯಿತು, ಮಲಗಿತು, ಎದ್ದಿತು. ಹೊಟ್ಟೆಶೂಲೆ ಅಂತ ನನಗೆ ಗೊತ್ತಾಗಿತ್ತು ತಮ್ಮ. ಗೊತ್ತಿದ್ದೂ ಪಶುವೈದ್ಯರನ್ನು ಕರೆಯಲಿಲ್ಲ. ರಾತ್ರಿ ಕರೆದರೆ ಕೊಡಬೇಕಾದ ಶುಲ್ಕ ನೆನಪಾಯಿತು. ಫೋನಿನಲ್ಲಿ ಅವರ ಭಾಷೆಯಲ್ಲಿ ಏನು ಹೇಳಲಿ ಅನ್ನುವ ಅಳುಕು ಬೇರೆ. ಅಪ್ಪ ಮಾಡುತ್ತಿದ್ದಂತೆ ಹಗ್ಗ ಹಿಡಿದು ನಡೆಸಿದೆ, ಗಂಟೆಗಟ್ಟಲೆ ನಡೆಸಿದೆ. ನಾಲ್ಕಕ್ಕೆ ಅದರ ಒಸಡು ನೋಡಿದೆ, ಗುಲಾಬಿ ಇರಬೇಕಾದ್ದು ನೇರಳೆಗೆ ತಿರುಗಿತ್ತು. ಆಗ ಕರೆದೆ. ಅವರು ಬಂದು ಪರೀಕ್ಷಿಸಿ, ಇನ್ನು ನರಳಿಸುವುದು ಬೇಡ ಅಂದರು. ಕಿವಿಯ ಹತ್ತಿರ ಹೋಗಿ "ಬಾರೋ" ಅಂದೆ, ಆ ಹೊತ್ತಿನಲ್ಲೂ ಕಿವಿ ನನ್ನ ಕಡೆ ತಿರುಗಿಸಿತು.

ಒಂಬತ್ತಕ್ಕೇ ಕರೆದಿದ್ದರೆ ಉಳಿಯುತ್ತಿತ್ತೇ ಅಂತ ನಾನು ಅವರನ್ನು ಕೇಳಲಿಲ್ಲ. ಈಗಲೂ ಕೇಳುವ ಧೈರ್ಯ ಬಂದಿಲ್ಲ.

ಅದಾದ ಮೇಲೆ ಮಾಡಿದ ಮೊದಲ ಕೆಲಸ ಒಂದು ಡಬ್ಬಿ. ಸೋಡಾ, ಉಪ್ಪು, ಹಳೆ ಬಟ್ಟೆಗಳಲ್ಲಿ ತಿಂಗಳಿಗೆ ಎಷ್ಟು ಉಳಿಯಿತೋ ಅಷ್ಟನ್ನೂ ಅದರಲ್ಲಿ ಹಾಕುತ್ತೇನೆ, ರಾತ್ರಿ ವೈದ್ಯರನ್ನು ಒಂದು ಸಲ ಕರೆಯುವಷ್ಟು ದುಡ್ಡು ಯಾವಾಗಲೂ ಇರಬೇಕು. ಇವತ್ತು ನನ್ನ ಕೈಕೆಳಗೆ 14 ಕುದುರೆಗಳಿವೆ, ಆ ಡಬ್ಬಿ ಒಂದು ದಿನವೂ ಬರಿದಾಗಿಲ್ಲ. ನೀನೂ ಈ ತಿಂಗಳೇ ಶುರು ಮಾಡು. ಲಾಳದವರನ್ನು 6ರಿಂದ 8 ವಾರಕ್ಕೊಮ್ಮೆ ಕರೆಸುವುದು, ವರ್ಷಕ್ಕೊಮ್ಮೆ ಹಲ್ಲು ತೋರಿಸುವುದು, ಧನುರ್ವಾಯುವಿನ ಲಸಿಕೆ, ಇವುಗಳಲ್ಲಿ ಉಳಿಸಲು ಹೋಗಬೇಡ.

ಮನೆಯಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಇರುತ್ತದಲ್ಲ, ಅಂಥದ್ದೇ ಒಂದನ್ನು ಕುದುರೆಗೇ ಅಂತ ಬೇರೆ ಇಡು. ತುದಿಗೆ ದಾರ, ದಾರಕ್ಕೆ ಬಟ್ಟೆಗೆ ಹಾಕುವ ಕ್ಲಿಪ್ಪು. ವ್ಯಾಸಲಿನ್ ಸವರಿ ಗುದದಲ್ಲಿಟ್ಟು ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸು. 37.5ರಿಂದ 38.5 ಸೆಲ್ಸಿಯಸ್ ಸರಿ. ನಾಡಿ ದವಡೆಯ ಕೆಳಗೆ ಸಿಗುತ್ತದೆ, 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸು. ಸುಮ್ಮನೆ ನಿಂತಿರುವಾಗ 28ರಿಂದ 44. ಚೆನ್ನಾಗಿರುವಾಗಲೇ ವಾರಕ್ಕೊಮ್ಮೆ ನೋಡಿ ಬಾಗಿಲ ಹಿಂದೆ ಬರೆದಿಡು. ಫೋನಿನಲ್ಲಿ ಮಾತು ತೊದಲಿದರೂ ಅಂಕಿ ತೊದಲುವುದಿಲ್ಲ, ಆ ಕಡೆಯವರಿಗೆ ಅದೇ ಬೇಕಾಗಿರುವುದು. ಹೇಳಬೇಕಾದ ನಾಲ್ಕು ವಾಕ್ಯವನ್ನು ಅವರ ಭಾಷೆಯಲ್ಲಿ ಒಂದು ಚೀಟಿಯಲ್ಲಿ ಬರೆದು ಅದರ ಪಕ್ಕದಲ್ಲೇ ಅಂಟಿಸು. ನನ್ನದು ಇನ್ನೂ ಇದೆ.

ಚಳಿಗೆ ಎರಡೆರಡು ಕಾಲುಚೀಲ ಹಾಕು. ಕುದುರೆಗೆ ಕುಡಿಯಲು ಉಗುರುಬೆಚ್ಚಗಿನ ನೀರು ಕೊಡು, ತಣ್ಣೀರು ಅಂತ ಕುಡಿಯದೇ ಬಿಟ್ಟರೆ ಕರುಳು ಕಟ್ಟುತ್ತದೆ. ಒಂಟಿ ಅನ್ನಿಸುತ್ತದೆ, ಕಡಿಮೆಯೂ ಆಗುತ್ತದೆ. ವಾಪಸ್ಸು ಹೋಗುವ ಮಾತನ್ನು ಪತ್ರದಲ್ಲಿ ಬರೆಯಲು ನನಗೆ ಆಗುವುದಿಲ್ಲ, ಎದುರಿಗೆ ಸಿಕ್ಕಾಗ ಮಾತಾಡೋಣ.

ಇವತ್ತೇ ಆ ಚೀಲ ವಾಪಸ್ಸು ಕೊಟ್ಟು ಬಾ. ಟೇಪು ಹಿಡಿದು ಅಳೆದು ಎರಡೂ ಅಂಕಿ ಬರೆದು ಕಳಿಸು, ಎಷ್ಟು ಹುಲ್ಲು ಅಂತ ಲೆಕ್ಕ ಹಾಕಿ ಹೇಳುತ್ತೇನೆ. ರಾತ್ರಿ ಅದು ಪಕ್ಕೆ ತಿರುಗಿ ನೋಡಿಕೊಂಡರೆ ಎಷ್ಟು ಹೊತ್ತಾಗಿದ್ದರೂ ಫೋನು ಮಾಡು, ಮೊದಲು ಪಶುವೈದ್ಯರಿಗೆ, ಆಮೇಲೆ ನನಗೆ.

ನಿನ್ನ ಅಕ್ಕ