ಬೆಳಗಾವಿಯ ಗಣಪತಿ ಮಂಡಳದ ಲೇಸರ್ ಶೋ: ಕ್ಯೂಗೆ (ಶೋನ ಒಂದು ದೃಶ್ಯಕ್ಕೆ) ಫೇಡ್ (ಬೆಳಕು ನಿಧಾನವಾಗಿ ಮಂಕಾಗುವಂತೆ) ಕೊಟ್ಟರೂ ಬಿಳಿ ಬೆಳಕು ಹಸಿರಾಗಿ ಪಟ್ಟನೆ ಆರುವುದೇಕೆ?

ತಪ್ಪು ಕ್ಯೂನದಲ್ಲ, ಬೆಳಕು ಹೊಮ್ಮಿಸುವ ಡಯೋಡಿನದು. ಲೇಸರ್ ಡಯೋಡಿಗೆ ಇಂತಿಷ್ಟು ಕನಿಷ್ಠ ಕರೆಂಟ್ ಬೇಕೇ ಬೇಕು. ಅದಕ್ಕಿಂತ ಕೆಳಗಿಳಿದರೆ ಲೇಸರ್ ನಿಂತೇಹೋಗುತ್ತದೆ. ಬಿಳಿ ಬೆಳಕು ಕೆಂಪು, ಹಸಿರು, ನೀಲಿ ಸೇರಿ ಆದದ್ದು; ಈ ಮಿತಿ ಮೂರಕ್ಕೂ ಬೇರೆಬೇರೆ. ನಿಮ್ಮಲ್ಲಿ ಕೆಂಪು, ನೀಲಿ ಮೊದಲು ಆರಿ ಹಸಿರೊಂದೇ ಉಳಿಯುತ್ತಿದೆ.

ಪ್ರೊಜೆಕ್ಟರ್ ಹತ್ತು ನಿಮಿಷ ಓಡಲಿ, ಬಿಸಿಯಾದಂತೆ ಮಿತಿ ಸರಿಯುತ್ತದೆ. ಆಮೇಲೆ ಸಾಫ್ಟ್‌ವೇರಿನ ಕಲರ್ ಬ್ಯಾಲೆನ್ಸ್‌ನಲ್ಲಿ ಒಂದೊಂದೇ ಬಣ್ಣವನ್ನು ಸೊನ್ನೆಯಿಂದ ಏರಿಸಿ. ಗೋಡೆಯ ಮೇಲೆ ಗೆರೆ ಕಂಡೂ ಕಾಣದಂತೆ ಮೂಡುವ ಅಂಕಿಯೇ ಆ ಬಣ್ಣದ ಕನಿಷ್ಠ, ಅದನ್ನೇ ಅಲ್ಲಿ ಕನಿಷ್ಠವಾಗಿ ಇಡಿ. ಫೇಡ್ ಇನ್ನು ಅಲ್ಲಿಂದ ಲೆಕ್ಕ ಹಿಡಿಯುತ್ತದೆ.

ಬಾಡಿಗೆಗೆ ತಂದದ್ದು ಅಗ್ಗದ ಟಿಟಿಎಲ್ ಯಂತ್ರವಾದರೆ ಈ ಕಸರತ್ತೆಲ್ಲ ದಂಡ. ಅದರಲ್ಲಿ ಪ್ರತಿ ಬಣ್ಣಕ್ಕೂ ಆನ್, ಆಫ್ ಎರಡೇ ಸ್ಥಿತಿ. ಒಟ್ಟು 7 ಬಣ್ಣ, ಫೇಡ್ ಇಲ್ಲವೇ ಇಲ್ಲ. ಅಡ್ವಾನ್ಸ್ ಕೊಡುವ ಮೊದಲೇ ‘ಅನಲಾಗ್ ಮಾಡ್ಯುಲೇಶನ್ (ಬೆಳಕನ್ನು ಹಂತಹಂತವಾಗಿ ಏರಿಳಿಸುವ ವ್ಯವಸ್ಥೆ) ಐತೇನ್ರಿ?’ ಅಂತ ಕೇಳಿಬಿಡಿ.