ಸಿಜೇರಿಯನ್ ಮಗುವಿನ ಹೊಟ್ಟೆಗೆ ಏನು ಬೇಕು?

ಪ್ರಶ್ನೆ: ಸಿಜೇರಿಯನ್ ಆಗಿ 22 ದಿನ ಆಯ್ತು. ನಾರ್ಮಲ್ ಹೆರಿಗೆ ಆಗದ ಮಗುವಿಗೆ ಒಳ್ಳೆಯ ಬ್ಯಾಕ್ಟೀರಿಯಾ ಸಿಗಲ್ಲ, ಜೀವನಪೂರ್ತಿ ಕಾಯಿಲೆ ಅಂತಾರೆ. ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೋಬಯೋಟಿಕ್ ಡ್ರಾಪ್ಸ್ ಹಾಕಲೇ? – ಒಬ್ಬ ತಾಯಿ, ಹರಿಹರ

ಉತ್ತರ: ದಾವಣಗೆರೆಯ ನನ್ನ ಕ್ಲಿನಿಕ್‌ನಲ್ಲಿ ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಕೇಳುವ ತಾಯಂದಿರ ಮೇಲೆ ನನಗೆ ಸಿಟ್ಟಿಲ್ಲ. ಹೊಲಿಗೆ ಮಾಯದ ಬಾಣಂತಿಯನ್ನು ಹೀಗೆ ಹೆದರಿಸುವವರ ಮೇಲೆ ಸಿಟ್ಟು.

ವ್ಯತ್ಯಾಸ ಇರುವುದು ನಿಜ. 2019ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 600 ಮಕ್ಕಳ ಮಲ ಪರೀಕ್ಷಿಸಿದರು. ಸಿಜೇರಿಯನ್ ಮಕ್ಕಳಲ್ಲಿ ಬ್ಯಾಕ್ಟಿರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಗುಂಪು ಬಹಳ ಕಡಿಮೆ, ಆಸ್ಪತ್ರೆಯಲ್ಲಿ ಅಂಟುವ ಜಾತಿಗಳು ಜಾಸ್ತಿ. ಆದರೆ ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಈ ವ್ಯತ್ಯಾಸ ಬಹಳಷ್ಟು ಕಡಿಮೆಯಾಗಿತ್ತು. ಅಸ್ತಮಾ, ಬೊಜ್ಜು ಇವರಲ್ಲಿ ತುಸು ಹೆಚ್ಚು ಕಂಡಿದ್ದರೂ, ಅದಕ್ಕೆ ಹೆರಿಗೆಯೇ ಕಾರಣ ಅಂತ ಸಾಬೀತಾಗಿಲ್ಲ. ಜೀವನಪೂರ್ತಿ ಕಾಯಿಲೆ ಎನ್ನುವ ಮಾತು ಶುದ್ಧ ಸುಳ್ಳು.

ತಾಯಿಯ ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇದೆ. ಅದು ಮಗುವಿಗೆ ಜೀರ್ಣವೇ ಆಗುವುದಿಲ್ಲ. ಮತ್ತೆ ಯಾಕಿದೆ? ಕರುಳಿನ ಬೈಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ ಅದು! ಅವು ತಿಂದು ಬೆಳೆದರೆ ಕೆಟ್ಟವಕ್ಕೆ ಜಾಗ ಸಿಗುವುದಿಲ್ಲ. ನಿಮ್ಮ ಮಗುವಿಗೆ ಬೇಕಾಗಿರುವುದು ಇದು.

ನಮ್ಮಲ್ಲಿ ಎಡವುವುದೂ ಇಲ್ಲೇ. ಆಪರೇಷನ್ ಆದವಳಿಗೆ ಹಾಲು ಬಂದಿಲ್ಲ ಅಂತ ಮನೆಯವರೇ ತೀರ್ಮಾನಿಸಿ ಮೂರು ದಿನ ಸಕ್ಕರೆ ನೀರು, ಡಬ್ಬಿ ಹಾಲು ಹಾಕುತ್ತಾರೆ. ಮೊದಲ ಹಳದಿ ಹಾಲು ಚಮಚದಷ್ಟೇ ಬರುವುದು, ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದ್ದರೆ ಒಂದು ಗಂಟೆಯೊಳಗೇ ಎದೆಗೆ ಹಾಕಬಹುದು, ಪಕ್ಕದಲ್ಲಿ ಒಬ್ಬರು ಮಗುವನ್ನು ಹಿಡಿದುಕೊಂಡರಾಯಿತು. ನೀವು ಈಗಾಗಲೇ ಬಾಟಲಿ ಶುರು ಮಾಡಿದ್ದರೂ ಹೆದರಬೇಡಿ. ಮೊದಲು ಎದೆಗೆ ಹಾಕಿ, ರಾತ್ರಿಯೂ ಹಾಕಿ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಬಾಟಲಿಯನ್ನು ತೂಕ ನೋಡಿಸಿಕೊಂಡು ನಿಧಾನವಾಗಿ ಇಳಿಸಿ, ಒಂದೇ ದಿನ ನಿಲ್ಲಿಸಬೇಡಿ.

ಡ್ರಾಪ್ಸ್? ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆರಿಸಿ ತೆಗೆದ ಒಂದು ಬ್ಯಾಕ್ಟೀರಿಯಾ ತಳಿಯನ್ನು, ಅದಕ್ಕೆ ಊಟವಾಗುವ ಒಂದು ಸಕ್ಕರೆಯ ಜೊತೆ, ಏಳು ದಿನ ಕೊಟ್ಟಾಗ ನಂಜು ಮತ್ತು ಸಾವು ಸುಮಾರು 40% ಇಳಿಯಿತು. ಅದು ಆ ತಳಿಯ ಮಾತು. ಮೆಡಿಕಲ್ ಶಾಪಿನ ಎಲ್ಲ ಬಾಟಲಿಗೂ ಅದನ್ನು ಅಂಟಿಸುವುದು ಮೋಸ. ತಿಂಗಳು ತುಂಬಿ ಹುಟ್ಟಿ, ಎದೆಹಾಲು ಕುಡಿದು ಬೆಳೆಯುತ್ತಿರುವ ಮಗುವಿಗೆ ನಾನು ಬರೆದುಕೊಡುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಗುವಿಗಂತೂ ನೀವಾಗಿ ಹಾಕಲೇಬೇಡಿ, ಆ ಬ್ಯಾಕ್ಟೀರಿಯಾವೇ ರಕ್ತ ಸೇರಬಹುದು.

ಪ್ರಶ್ನೆ: ಹೊಟ್ಟೆ ಶುದ್ಧಿಗೆ ಜೇನು ನೆಕ್ಕಿಸಬಹುದಾ? – ಚನ್ನಗಿರಿ

ಉತ್ತರ: ಒಂದು ವರ್ಷದವರೆಗೆ ಒಂದು ಹನಿಯೂ ಬೇಡ. ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದ ವಿಷದಿಂದ ಬಾಟುಲಿಸಂ ಎಂಬ ಕಾಯಿಲೆಯಾಗಿ ಉಸಿರು ನಿಲ್ಲಬಹುದು.

ಪ್ರಶ್ನೆ: ತಾಯಿಯ ಯೋನಿದ್ರವವನ್ನು ಬಟ್ಟೆಯಲ್ಲಿ ತೆಗೆದು ಮಗುವಿಗೆ ಒರೆಸಿದರೆ ಒಳ್ಳೆಯದಂತೆ? – ದಾವಣಗೆರೆ

ಉತ್ತರ: ಬೇಡ. ಹರ್ಪಿಸ್‌ನಂಥ ಸೋಂಕು ಮಗುವಿಗೆ ದಾಟಬಹುದು. ಮೇಲೆ ಹೇಳಿದ ಬ್ರಿಟನ್ ಅಧ್ಯಯನದಲ್ಲಿ ಮಗುವಿಗೆ ಬಂದಿದ್ದು ಹೆಚ್ಚಾಗಿ ತಾಯಿಯ ಕರುಳಿನ ಬ್ಯಾಕ್ಟೀರಿಯಾ, ಯೋನಿಯದಲ್ಲ.

ಪ್ರಶ್ನೆ: ಹೊಟ್ಟೆ ಉಬ್ಬರಕ್ಕೆ ಬರೆ ಹಾಕಿಸೋಣವೇ? – ಜಗಳೂರು

ಉತ್ತರ: ಇದು ಚಿಕಿತ್ಸೆಯಲ್ಲ, ಹಿಂಸೆ. ಹೊಟ್ಟೆ ಉಬ್ಬಿ, ಹಸಿರು ವಾಂತಿಯಾದರೆ ಅಥವಾ ಮಗು ಹಾಲು ಬಿಟ್ಟರೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.